ಏಕಾದಶಿ ಮಾಡುವ ನಾಯಿ

ಬೇಲೂರಿನ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಕೋಮಲವಲ್ಲಮ್ಮನವರ ಹೆಸರೆತ್ತಿದರೆ ಜನಕ್ಕೆ ಮೊದಲು ನೆನಪಾಗುತ್ತಿದ್ದದ್ದು ಅವರ ಪುಳಿಯೋಗರೆಯಲ್ಲ, ಅವರ ಸಹಸ್ರನಾಮವೂ ಅಲ್ಲ, ಅವರ ಮನೆಯ ನಾಯಿ. ಏಕಾದಶಿಯ ದಿನ ಬಟ್ಟಲು ಮುಟ್ಟದ ನಾಯಿ ಎಂದು ಅದಕ್ಕೆ ಊರಲ್ಲೆಲ್ಲ ಹೆಸರು. ಹೆಸರು ಬರಿಸಿದವರು ಬೇರೆ ಯಾರೂ ಅಲ್ಲ, ಕೋಮಲವಲ್ಲಮ್ಮನವರೇ. ತರಕಾರಿಯವನಿಗೆ ಹೇಳಿದರು, ಬ್ಯಾಂಕಿನ ಸಾಲಿನಲ್ಲಿ ಪಕ್ಕ ನಿಂತವಳಿಗೆ ಹೇಳಿದರು, ಹಳೇಬೀಡಿನ ನಾದಿನಿಗೆ ಫೋನಿನಲ್ಲಿ ಹೇಳಿದರು. ಹೇಳುವಾಗ ಧ್ವನಿ ತಗ್ಗಿಸಿ, "ನಾವೇನೂ ಕಲಿಸಿದ್ದಲ್ಲ ಕಣ್ರೀ, ಅದರ ಪೂರ್ವಜನ್ಮದ ಸಂಸ್ಕಾರ" ಎನ್ನುತ್ತಿದ್ದರು. ಹೆಮ್ಮೆ ಪಡಬಾರದು ಎಂದು ಗೊತ್ತಿರುವವರು ಹೆಮ್ಮೆ ಪಡುವ ರೀತಿ ಹಾಗೇ ಇರುತ್ತದೆ, ಬಿಡಿ.

ನಾಯಿಯ ಹೆಸರು ಮೆಂತ್ಯ. ಮೈಬಣ್ಣ ಮೆಂತ್ಯದ ಕಾಳಿನದೇ. ಅದನ್ನು ಆ ಮನೆಗೆ ತಂದವಳು ಸೊಸೆ ದಿವ್ಯಾ. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಾಯಿಗಳ ಜೊತೆಯೇ ಬೆಳೆದ ಹುಡುಗಿ. ತವರಿಗೆ ಹೋಗಿ ಬರುವಾಗ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಬಿದ್ದಿದ್ದ ಮರಿಯೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿಳಿದು ಬಂದಾಗ ಕೋಮಲವಲ್ಲಮ್ಮ ಬಾಗಿಲಿಗೆ ಅಡ್ಡ ನಿಂತಿದ್ದರು. ಇದು ಮಡಿಯ ಮನೆ, ನಾಯಿ ಒಳಗೆ ಬಂದರೆ ನಾನು ಹೊರಗೆ ಎಂದರು. ಗಂಡ ಸುಬ್ಬರಾಮಯ್ಯ, ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತರಾದವರು, ಪೇಪರಿನಿಂದ ಮುಖ ಎತ್ತಲಿಲ್ಲ. ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತನಾಗಿದ್ದ ಮಗ ಮುರಳೀಕೃಷ್ಣ ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಸ್ಕೂಟರ್ ಒರೆಸಲು ಹೋದ. ಕೊನೆಗೆ ಜಗಲಿಯವರೆಗೆ ಬರಬಹುದು, ಹೊಸ್ತಿಲು ದಾಟಕೂಡದು ಎಂದು ರಾಜಿಯಾಯಿತು.

ದಿವ್ಯಾ ನಾಯಿ ಸಾಕುತ್ತಿದ್ದ ರೀತಿ ನೋಡಿ ಬೀದಿಯವರಿಗೆಲ್ಲ ನಗು. ಯಗಚಿ ಹೊಳೆಯ ಕಡೆ ತಿರುಗಾಡಿಸಿ ತಂದ ಮೇಲೆ ಅದರ ಕಿವಿ ಮಡಚಿ, ಬೆರಳ ಸಂದು ಬಿಡಿಸಿ ರಕ್ತ ಹೀರುವ ಉಣ್ಣೆಹುಳ ಹುಡುಕುತ್ತಿದ್ದಳು. ಸಿಕ್ಕರೆ ಚಿಮುಟದಲ್ಲಿ ನೆಟ್ಟಗೆ ಎಳೆದು ತೆಗೆದು ಸೋಪು ಹಾಕಿ ಕೈ ತೊಳೆಯುತ್ತಿದ್ದಳು. ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಸೂಜಿ ತಪ್ಪಿಸಿದವಳಲ್ಲ. ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿ, ಬ್ಯಾಂಡೇಜು, ಥರ್ಮಾಮೀಟರು ಎಲ್ಲ ಇಟ್ಟಿದ್ದಳು. ಕಾಲಿಗೆ ಗಾಜು ಚುಚ್ಚಿದಾಗ ಹೇಗೆ ಒತ್ತಿ ಹಿಡಿಯಬೇಕು, ಸಂಕಟದಲ್ಲಿರುವ ನಾಯಿಯ ಬಾಯಿಗೆ ಯಾಕೆ ನೀರು ಸುರಿಯಬಾರದು ಎಂದು ಮಗಳು ಹಿತಾಳಿಗೆ ಆಟದ ಹಾಗೆ ಹೇಳಿಕೊಟ್ಟಿದ್ದಳು. ಮಗುವಿಗೆ ಬಹಳ ಇಷ್ಟವಾದದ್ದು ಒಸಡಿನ ಆಟ. ನಾಯಿಯ ಮೇಲ್ದುಟಿ ಎತ್ತಿ ಒಸಡಿನ ಮೇಲೆ ಬೆರಳು ಒತ್ತಬೇಕು, ಅಲ್ಲಿ ಬಿಳಿಯಾಗುತ್ತದೆ. ಬೆರಳು ತೆಗೆದ ತಕ್ಷಣ ಗುಲಾಬಿ ವಾಪಸು ಬರಬೇಕು. ಬಂದರೆ ನಾಯಿ ಚೆನ್ನಾಗಿದೆ, ತಡ ಮಾಡಿದರೆ ಡಾಕ್ಟರ ಹತ್ತಿರ ಓಡಬೇಕು. ಹಿತಾ ದಿನಕ್ಕೆ ಎಷ್ಟು ಸಲ ಒತ್ತುತ್ತಿದ್ದಳೋ, ಮೆಂತ್ಯ ಅವಳನ್ನು ಕಂಡರೆ ತಾನೇ ತುಟಿ ಎತ್ತುತ್ತಿತ್ತು.

ಒಂದು ಸಲ ಮಾತ್ರ ಅತ್ತೆ ಸೊಸೆಗೆ ನೇರಾನೇರ ಮಾತು ಬೆಳೆಯಿತು. ಪೊಂಗಲ್ಲಿನಲ್ಲಿದ್ದ ದ್ರಾಕ್ಷಿಯನ್ನು ಹಿತಾ ನಾಯಿಗೆ ಹಾಕಲು ಹೋದಾಗ ದಿವ್ಯಾ ಓಡಿ ಬಂದು ಕಿತ್ತುಕೊಂಡಳು. ದ್ರಾಕ್ಷಿ ನಾಯಿಗೆ ವಿಷ, ಒಣದ್ರಾಕ್ಷಿಯಂತೂ ಇನ್ನೂ ಕೆಟ್ಟದ್ದು ಎಂದಳು. ಕೋಮಲವಲ್ಲಮ್ಮನಿಗೆ ಪಿತ್ತ ನೆತ್ತಿಗೇರಿತು. ದೇವರಿಗೆ ತೋರಿಸಿದ ಪ್ರಸಾದವನ್ನು ವಿಷ ಎನ್ನುವ ಮನೆಯಿಂದ ತಾವು ಸೊಸೆ ತಂದೆವಲ್ಲ ಎಂದು ಎರಡು ದಿನ ಮಾತು ಬಿಟ್ಟರು. ದಿವ್ಯಾ ಕ್ಷಮೆ ಕೇಳಿದಳು. ದ್ರಾಕ್ಷಿಯನ್ನು ಮಾತ್ರ ನಾಯಿಗೆ ಹಾಕಗೊಡಲಿಲ್ಲ.

ಎರಡು ವರ್ಷದ ಹಿಂದಿನ ನವರಾತ್ರಿಯಲ್ಲಿ ದಿವ್ಯಾ, ಊಟ ಸೇರುತ್ತಿಲ್ಲ ಅತ್ತೆ ಎಂದಳು. ಒಳ್ಳೆಯದೇ ಆಯಿತು, ಹಬ್ಬ ಮುಗಿಯುವವರೆಗೆ ಹಾಲು ಹಣ್ಣಿನಲ್ಲಿ ಇದ್ದುಬಿಡು, ದೇವಿಯೇ ನಿನ್ನ ಕೈಲಿ ಮಾಡಿಸುತ್ತಿದ್ದಾಳೆ ಎಂದರು ಕೋಮಲವಲ್ಲಮ್ಮ. ಗೊಂಬೆ ನೋಡಲು ಬಂದವರಿಗೆಲ್ಲ ಅರಿಶಿನ ಕುಂಕುಮದ ಜೊತೆಗೆ ಸೊಸೆಯ ಉಪವಾಸದ ಸುದ್ದಿಯೂ ಸಿಕ್ಕಿತು. ವಿಜಯದಶಮಿಯ ಹೊತ್ತಿಗೆ ಅವಳ ಕಣ್ಣು ಹಳದಿ ತಿರುಗಿತ್ತು. ಹಾಸನದ ಆಸ್ಪತ್ರೆಗೆ ಸೇರಿಸಿದಾಗ ಕಾಮಾಲೆ ಲಿವರನ್ನೇ ತಿಂದುಹಾಕಿದೆ ಎಂದರು. ದೀಪಾವಳಿಗೆ ಮನೆಯಲ್ಲಿ ದೀಪ ಹಚ್ಚಲಿಲ್ಲ.

ಸಾಯುವ ಮುಂಚೆ ದಿವ್ಯಾ ಅತ್ತೆಯ ಕೈ ಹಿಡಿದುಕೊಂಡು ಒಂದೇ ಮಾತು ಹೇಳಿದ್ದಳು. "ಮೆಂತ್ಯನ ನೋಡ್ಕೊಳ್ಳಿ ಅತ್ತೆ. ಅದೊಂದಿದ್ರೆ ಹಿತಾ ಹ್ಯಾಗೋ ತಡ್ಕೋತಾಳೆ."

ಅವತ್ತಿನಿಂದ ನಾಯಿ ಹೊಸ್ತಿಲು ದಾಟಿತು. ನಡುಮನೆಯಲ್ಲಿ ಹಿತಾಳ ಹಾಸಿಗೆಯ ಪಕ್ಕದಲ್ಲಿ ಮಲಗಿತು, ಅದರ ಬೆನ್ನ ಮೇಲೆ ಕೈ ಇಡದೆ ಹುಡುಗಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅಮ್ಮನ ಸೀರೆ ಯಾವುದೂ ಬೇಡ, ಫೋಟೋನೂ ಬೇಡ, ಮೆಂತ್ಯ ಅಮ್ಮಂದು ಎನ್ನುತ್ತಿದ್ದಳು. ಕೋಮಲವಲ್ಲಮ್ಮ ಮಡಿಯನ್ನು ಮಡಚಿಟ್ಟು ಆ ನಾಯಿಯನ್ನು ಮೊಮ್ಮಗುವಿನಂತೆಯೇ ನೋಡಿಕೊಂಡರು. ಸುಳ್ಳು ಹೇಳಬಾರದು, ಪ್ರೀತಿಯಲ್ಲಿ ಕಡಿಮೆ ಮಾಡಲಿಲ್ಲ. ಮೊಸರನ್ನ ತಾವೇ ಕಲಸಿ ಇಡುತ್ತಿದ್ದರು. ಅದು ಕೊಂಚ ಕೆಮ್ಮಿದರೂ ದೃಷ್ಟಿ ತೆಗೆಯುತ್ತಿದ್ದರು. ದಿವ್ಯಾಳ ಡಬ್ಬಿಯಲ್ಲಿದ್ದ ಹತ್ತಿ ಮಾತ್ರ ಒಂದೊಂದೇ ಎಳೆಯಾಗಿ ದೇವರ ದೀಪದ ಬತ್ತಿಗೆ ಖರ್ಚಾಯಿತು. ಸುಮ್ಮನೆ ಯಾಕೆ ಹಾಳಾಗಬೇಕು ಎಂದು.

ಏಕಾದಶಿಯ ಮಹಿಮೆ ಶುರುವಾದದ್ದು ಆಗಲೇ. ಏಕಾದಶಿಯಂದು ಆ ಮನೆಯಲ್ಲಿ ಅನ್ನವಿಲ್ಲ, ನಾಯಿಗೂ ಅವಲಕ್ಕಿಯೋ ಸಜ್ಜಿಗೆಯೋ. ಮೆಂತ್ಯ ಬಟ್ಟಲು ಮೂಸಿ, ಮುಖ ತಿರುಗಿಸಿ, ತುಳಸಿಕಟ್ಟೆಯ ನೆರಳಿನಲ್ಲಿ ಹೋಗಿ ಮಲಗುತ್ತಿತ್ತು. ಇದನ್ನು ಕಂಡ ಕೋಮಲವಲ್ಲಮ್ಮನ ಕಣ್ಣಲ್ಲಿ ನೀರು ಬಂತು. ದಿವ್ಯಾಳೇ ಈ ರೂಪದಲ್ಲಿ ವ್ರತ ಮುಂದುವರಿಸುತ್ತಿದ್ದಾಳೇನೋ ಎಂದು ಒಮ್ಮೆ ಗಂಡನ ಹತ್ತಿರ ಅಂದೂಬಿಟ್ಟರು. ಸುಬ್ಬರಾಮಯ್ಯ ಕನ್ನಡಕ ಒರೆಸಿಕೊಂಡರು.

ಈ ಸಲದ ದಶಮಿ ಹಿತಾಳ ಹುಟ್ಟುಹಬ್ಬದ ತಿಥಿ. ಮಗುವಿನ ಆಯುಸ್ಸಿಗಾಗಿ ಕೋಮಲವಲ್ಲಮ್ಮ ದ್ರಾಕ್ಷಿಯ ಅರ್ಚನೆ ಇಟ್ಟುಕೊಂಡರು. ಸಹಸ್ರನಾಮದ ಒಂದೊಂದು ಹೆಸರಿಗೆ ಒಂದೊಂದು ಒಣದ್ರಾಕ್ಷಿ, ದೇವರ ಪಾದಕ್ಕೆ. ಸಂಜೆ ಬೀದಿಯ ಹೆಂಗಸರೆಲ್ಲ ಬಂದು ಕೂತು ಹೇಳಿದರು. ಮುಗಿಯುವ ಹೊತ್ತಿಗೆ ಬೆಳ್ಳಿಯ ತಟ್ಟೆಯಲ್ಲಿ ದ್ರಾಕ್ಷಿಯ ಗುಡ್ಡೆ. ಬಂದವರಿಗೆ ಹಂಚಿ, ಮಕ್ಕಳಿಗೆ ಪೊಟ್ಟಣ ಕಟ್ಟಿ ಕೊಟ್ಟಮೇಲೂ ಒಂದು ಬಟ್ಟಲು ಉಳಿಯಿತು. ಹಿತಾ ಹೊಸ ಲಂಗ ತೋರಿಸಲು ಪಕ್ಕದ ಮನೆಗೆ ಹೋಗಿದ್ದಳು. ಮೆಂತ್ಯ ನಡುಮನೆಯ ಕಂಬಕ್ಕೆ ಒರಗಿ, ಬಾಲ ಅಲ್ಲಾಡಿಸುತ್ತ ಅಜ್ಜಿಯ ಕೈಯನ್ನೇ ನೋಡುತ್ತಿತ್ತು.

ಕೋಮಲವಲ್ಲಮ್ಮನಿಗೆ ಸೊಸೆಯ ಮಾತು ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು. ಅಷ್ಟು ಜನ ಕೂತು ಅಷ್ಟು ಹೆಸರು ಹೇಳಿ ಮುಟ್ಟಿದ ದ್ರಾಕ್ಷಿ, ಆ ಮಗುವಿನ ಆಯುಸ್ಸಿಗೆಂದೇ ಅರ್ಪಿಸಿದ್ದು, ಆ ಮಗುವಿನ ಜೀವವೇ ಆಗಿರುವ ಈ ಮೂಕಪ್ರಾಣಿಗೆ ಕೆಡುಕು ಮಾಡುತ್ತದೆಯೇ ಎಂದುಕೊಂಡರು. ನಾಳೆ ಹೇಗೂ ಅದರದ್ದೂ ಉಪವಾಸ, ಹೊಟ್ಟೆಗಿರಲಿ ಎಂದೂ ಅಂದುಕೊಂಡರು. ಬಟ್ಟಲನ್ನು ಅದರ ಮುಂದಿಟ್ಟು, ಅದು ತಿಂದು ಮುಗಿಸುವವರೆಗೂ ತಲೆ ಸವರುತ್ತ ಕೂತರು.

ಬೆಳಿಗ್ಗೆ ಹಿತ್ತಲಿನಲ್ಲಿ ನಾಯಿ ವಾಂತಿ ಮಾಡಿದ್ದನ್ನು ಸುಬ್ಬರಾಮಯ್ಯ ನೋಡಿದರು. ಗರಿಕೆ ತಿಂದಿರಬೇಕು ಎಂದುಕೊಂಡು ಎರಡು ಚೊಂಬು ನೀರು ಹುಯ್ದು ಸ್ನಾನಕ್ಕೆ ಹೋದರು. ಹೆಂಡತಿಗೆ ಹೇಳಬೇಕೆಂದೂ ಅನ್ನಿಸಲಿಲ್ಲ.

ಅವತ್ತು ಏಕಾದಶಿ. ಮೆಂತ್ಯ ಬಟ್ಟಲನ್ನು ಮೂಸಲೂ ಇಲ್ಲ. ತುಳಸಿಕಟ್ಟೆಯ ಬುಡಕ್ಕೆ ಹೋಗಿ, ಹೊಟ್ಟೆ ಒಳಗೆಳೆದುಕೊಂಡು, ಮುಂಗಾಲಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿತು. ಹಿಂದಿನ ದಿನ ಅರ್ಚನೆಗೆ ಬಂದಿದ್ದ ಹೆಂಗಸರಲ್ಲಿ ಇಬ್ಬರು ಹಾಗೇ ಹಾದುಹೋಗುವಾಗ ಕೋಮಲವಲ್ಲಮ್ಮ ಕರೆದು ತೋರಿಸಿದರು. ನೀರೂ ಮುಟ್ಟಿಲ್ಲ ಕಣ್ರೀ, ಈ ಸಲ ನಿರ್ಜಲ ಎಂದರು. ಒಬ್ಬರಿಂದ ಇನ್ನೊಬ್ಬರಿಗೆ ಸುದ್ದಿ ಹಬ್ಬಿ ಮಧ್ಯಾಹ್ನದ ಹೊತ್ತಿಗೆ ಜನ ಬರತೊಡಗಿದರು. ಯಾರೋ ಫೋನಿನಲ್ಲಿ ಫೋಟೋ ತೆಗೆದು ಬೀದಿಯ ಗುಂಪಿಗೆ ಹಾಕಿದರು, ಅದಕ್ಕೆ ಕೈಮುಗಿದ ಚಿಹ್ನೆಗಳು ಸಾಲುಗಟ್ಟಿದವು. ಒಬ್ಬಾಕೆ ನಾಯಿಯ ನೆತ್ತಿಗೆ ಕುಂಕುಮ ಇಟ್ಟಳು. ಕೋಮಲವಲ್ಲಮ್ಮ ಉದ್ಧರಣೆಯಲ್ಲಿ ತೀರ್ಥ ತಂದು ಅದರ ಬಾಯಿಗೆ ಬಿಟ್ಟರು. ಅದು ನೆತ್ತಿಗೆ ಹತ್ತಿ ಕೆಮ್ಮಿತು, ಕೆಮ್ಮುತ್ತ ಎದ್ದು ನಿಲ್ಲಲು ಹೋಗಿ ಹಿಂಗಾಲು ಸೋತು ಕೂತಿತು. ನೋಡಿ, ತೀರ್ಥಕ್ಕೆ ನಮಸ್ಕಾರ ಮಾಡುತ್ತಿದೆ ಎಂದಳು ಕುಂಕುಮದಾಕೆ. ಅಯ್ಯೋ ಶಿವನೇ, ಅಷ್ಟೊಂದು ಕಣ್ಣು ಸೇರಿದ್ದವು, ಒಂದಕ್ಕೂ ಕಾಣಲಿಲ್ಲ.

ಕಂಡದ್ದು ಹೂವಿನ ಮಾರಮ್ಮನಿಗೆ. ದಿನಾ ತುಳಸಿ, ಹೂವು ತಂದುಕೊಡುವವಳು, ಅವಳ ಮನೆ ಇವರ ಹಿತ್ತಲಿನಾಚೆಯ ಬೀದಿಯಲ್ಲೇ. ಅವಳು ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನಾಯಿಯನ್ನೇ ನೋಡುತ್ತ ನಿಂತಳು. ಏನೋ ಹೇಳಲು ಬಾಯಿ ತೆರೆದಳು, ಸುತ್ತ ನಿಂತ ಹೆಂಗಸರನ್ನು ನೋಡಿದಳು, ಹೊರಟುಹೋದಳು.

ಸಂಜೆ ಸ್ಕೂಲಿನಿಂದ ಬಂದ ಹಿತಾ ಬ್ಯಾಗು ಕೂಡ ಇಳಿಸದೆ ಮೆಂತ್ಯನ ಪಕ್ಕ ಕೂತಳು. ಅದು ತುಟಿ ಎತ್ತಲಿಲ್ಲ. ಅವಳೇ ಎತ್ತಿ ಒಸಡು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದಳು.

"ಅಜ್ಜಿ, ಗುಲಾಬಿ ಬೇಗ ಬರ್ತಿಲ್ಲ."

"ಉಪವಾಸ ಇದೆಯಲ್ಲೇ, ಹಾಗೇ ಇರುತ್ತೆ. ನಾಳೆ ಪಾರಣೆ ಆದ್ಮೇಲೆ ಸರಿಹೋಗುತ್ತೆ," ಎಂದರು ಕೋಮಲವಲ್ಲಮ್ಮ.

ಹುಡುಗಿ ಅಲ್ಲೇ ನಿಂತಿದ್ದಳು. ಅವಳ ಮುಖ ನೋಡಿದ್ದರೆ ಯಾರಿಗಾದರೂ ಅರ್ಥವಾಗುತ್ತಿತ್ತು. ಕೋಮಲವಲ್ಲಮ್ಮ ಒಲೆಯ ಕಡೆ ತಿರುಗಿ ಹಾಲು ಉಕ್ಕುವುದನ್ನು ನೋಡುತ್ತಿದ್ದರು. ಆಫೀಸಿನಿಂದ ಬಂದ ಮುರಳೀಕೃಷ್ಣನಿಗೂ ಹಿತಾ ಹೇಳಿದಳು. ಅವನು ನಾಯಿಯ ಹತ್ತಿರ ಬಗ್ಗಿ ನೋಡಿ, ಡಾಕ್ಟರಿಗೆ ತೋರಿಸೋಣವೇನಮ್ಮ ಎಂದ. ವ್ರತದ ದಿನ ಸೂಜಿ ಚುಚ್ಚಿಸುವುದು ಬೇಡ, ದ್ವಾದಶಿ ಬೆಳಗಾಗಲಿ ಎಂದರು ಅಮ್ಮ. ಸರಿ ಎಂದ. ಆ ಮನೆಯಲ್ಲಿ ಗಂಡಸರಿಗೆ ಅಷ್ಟು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ.

ದ್ವಾದಶಿಯ ಬೆಳಿಗ್ಗೆ ಬಿಸಿ ಅನ್ನಕ್ಕೆ ತುಪ್ಪ ಕಲಸಿ, ಮೊದಲ ತುತ್ತು ಅದಕ್ಕೇ ಎಂದು ಕೋಮಲವಲ್ಲಮ್ಮ ಬಟ್ಟಲು ಹಿಡಿದು ಬಂದರು. ಮೆಂತ್ಯ ಮಲಗಿದ ಕಡೆಯಿಂದ ಎದ್ದಿರಲಿಲ್ಲ. ಪಕ್ಕದಲ್ಲಿ ಹಳದಿ ನೊರೆ. ಬಾಯಿಯ ಹತ್ತಿರ ಬಗ್ಗಿದರೆ ಹೊಲಸು ವಾಸನೆ, ಗೋಣಿಯಲ್ಲಿ ಏನೋ ಕೊಳೆತಂತೆ. ಅನ್ನವನ್ನು ತುಟಿಗೆ ಹಚ್ಚಿದರು, ಅದು ಕಣ್ಣು ಮಾತ್ರ ಮೇಲೆತ್ತಿ ಅವರನ್ನು ನೋಡಿತು. ಕೋಮಲವಲ್ಲಮ್ಮ ಬಟ್ಟಲನ್ನು ಅಲ್ಲೇ ಬಿಟ್ಟು ಮಗನನ್ನು ಕೂಗಿದರು.

ಅಷ್ಟರಲ್ಲಿ ಹೂವಿನ ಮಾರಮ್ಮ ಬಂದಳು. ನಾಯಿಯನ್ನು ನೋಡಿದವಳೇ ಬುಟ್ಟಿ ಕೆಳಗಿಟ್ಟು ಅಳತೊಡಗಿದಳು. ಅಳುತ್ತಲೇ ಹೇಳಿದಳು. "ತಪ್ಪಾಯ್ತು ಅಮ್ಮೋರೆ. ಏಕಾದ್ಸಿ ದಿನ ಅದು ನಮ್ಮನೇಲಿ ಉಣ್ಣಾಕೆ ಬತ್ತಿತ್ತು. ಮುದ್ದೆ, ಒಂದೀಟು ಮಾಂಸದ ಸಾರು ಹಾಕ್ತಿದ್ದೆ. ಅದಕ್ಕೇ ಇಲ್ಲಿ ಬಟ್ಟಲು ಮುಟ್ಟುತಿರಲಿಲ್ಲ. ನಿನ್ನೆ ಬರಲೇ ಇಲ್ಲ. ನೋಡಿದೆ, ಹುಷಾರಿಲ್ಲ ಅಂತ ಗೊತ್ತಾಯ್ತು. ಅಷ್ಟು ಜನದ ಮುಂದೆ ಹೆಂಗೆ ಹೇಳ್ಲಿ, ನಿಮ್ಮ ಮರ್ಯಾದೆ ಏನಾಗ್ಬೇಕು ಅಂತ ಸುಮ್ನಾದೆ."

ದಿವ್ಯಾ ಇದ್ದಾಗಿನಿಂದಲೂ ಹೀಗೇ ನಡೆದಿತ್ತಂತೆ. ಅವಳೇ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದ್ದಳಂತೆ. ಕೋಮಲವಲ್ಲಮ್ಮನಿಗೆ ಸಿಟ್ಟು ಬರಲಿಲ್ಲ. ಮಾಂಸದ ಸಾರು ಉಂಡ ನಾಯಿ ತಮ್ಮ ನಡುಮನೆಯಲ್ಲಿ ಮಲಗಿತ್ತಲ್ಲ ಎಂದೂ ಅನ್ನಿಸಲಿಲ್ಲ. ನಿನ್ನೆ ಇಡೀ ದಿನ ಅದು ಉಪವಾಸ ಮಾಡುತ್ತಿರಲಿಲ್ಲ, ಸಾಯುತ್ತಿತ್ತು ಎನ್ನುವುದೊಂದೇ ತಲೆಯೊಳಗೆ ಇಳಿಯಿತು.

ಮುರಳೀಕೃಷ್ಣ ಪಶುವೈದ್ಯರಿಗೆ ಫೋನು ಮಾಡಿದ. ಅವರು ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹಳೇಬೀಡಿನಾಚೆ ಹುಲಿಕೆರೆಗೆ ಹೋಗಿದ್ದರು, ತಕ್ಷಣ ಅಲ್ಲಿಗೇ ತನ್ನಿ ಎಂದರು. ಮಾರಮ್ಮನ ಮಗ ಉಮೇಶ್ ಆಟೋ ತಂದ. ಎತ್ತಲು ಹೋದಾಗ ಮೆಂತ್ಯ ನೋವಿಗೆ ಹಲ್ಲು ಕಿರಿದು ಮುರಳೀಕೃಷ್ಣನ ಕೈಗೆ ಬಾಯಿ ಹಾಕಿತು. ಅವನು ಟವೆಲ್ಲಿನಿಂದ ಅದರ ಮೂತಿ ಕಟ್ಟಲು ಹೋದ. ಹಿತಾ ಟವೆಲ್ಲು ಕಿತ್ತುಕೊಂಡಳು. ವಾಂತಿ ಮಾಡುವ ನಾಯಿಗೆ ಬಾಯಿ ಕಟ್ಟಿದರೆ ಉಸಿರು ಕಟ್ಟುತ್ತೆ ಅಂತ ಅಮ್ಮ ಹೇಳಿದ್ದಾಳೆ ಎಂದಳು. ಹಾಸಿಗೆಯ ಮೇಲಿನ ದುಪ್ಪಟಿ ಎಳೆದು ತಂದು ನಾಯಿಯನ್ನು ಅದರ ಮೇಲೆ ಸರಿಸಿದಳು, ನಾಲ್ಕು ಮೂಲೆಯಿಂದ ಎತ್ತಿಸಿದಳು. ಮೂರನೇ ಕ್ಲಾಸಿನ ಹುಡುಗಿ ಹೇಳಿದಂತೆ ದೊಡ್ಡವರೆಲ್ಲ ಕೇಳಿದರು. ಕೇಳುವುದಾದರೆ ಹಿಂದಿನ ದಿನ ಕೇಳಬೇಕಿತ್ತು.

ದಾರಿಯುದ್ದಕ್ಕೂ ಕೋಮಲವಲ್ಲಮ್ಮ ಮಡಿಸೀರೆಯಲ್ಲೇ ಕೂತಿದ್ದರು, ನಾಯಿಯ ತಲೆ ಅವರ ತೊಡೆಯ ಮೇಲೆ. ಉಮೇಶ್ ಹಳ್ಳ ತಪ್ಪಿಸಿ ತಪ್ಪಿಸಿ ಓಡಿಸುತ್ತಿದ್ದ. ಹಳೇಬೀಡಿನ ಕೆರೆ ದಾಟುವಾಗ ಮೆಂತ್ಯ ಒಮ್ಮೆ ಬಿಕ್ಕಿತು, ಕೋಮಲವಲ್ಲಮ್ಮ ಬಾಟಲಿಯ ಮುಚ್ಚಳ ತೆಗೆದು ಬಾಯಿಗೆ ನೀರು ಬಿಡಲು ಹೋದರು. ಹಿತಾ ಅವರ ಕೈಯನ್ನು ತಳ್ಳಿದಳು. ಅವಳು ಅಜ್ಜಿಯ ಕೈಯನ್ನು ಹಾಗೆ ತಳ್ಳಿದ್ದು ಅದೇ ಮೊದಲು.

ಹುಲಿಕೆರೆಯ ಕಲ್ಯಾಣಿಯ ಆಚೆ, ಹುಣಸೆಮರದ ಕೆಳಗೆ ಹಸುಗಳ ಸಾಲು. ಡಾಕ್ಟರ್ ಹೇಮಂತ್ ಕೈಗವಸು ಬದಲಾಯಿಸಿಕೊಂಡು ಬಂದು ದುಪ್ಪಟಿಯ ಮೇಲೆಯೇ ನಾಯಿಯನ್ನು ನೋಡಿದರು. ಹೆಗಲಿನ ಚರ್ಮ ಚಿವುಟಿ ಎತ್ತಿ ಬಿಟ್ಟರು. ಅದು ಎತ್ತಿದ ಹಾಗೇ ನಿಂತಿತು. ಉಚ್ಚೆ ಯಾವಾಗ ಮಾಡಿತು ಎಂದು ಕೇಳಿದರು, ಯಾರಿಗೂ ಗೊತ್ತಿರಲಿಲ್ಲ. ಏನು ತಿಂದಿತ್ತು ಎಂದು ಕೇಳಿದರು. ಮುರಳೀಕೃಷ್ಣ ಮೊಸರನ್ನ ಎಂದ.

"ದ್ರಾಕ್ಷಿ," ಎಂದರು ಕೋಮಲವಲ್ಲಮ್ಮ. "ಒಂದು ಬಟ್ಟಲು. ಮೊನ್ನೆ ಸಂಜೆ. ನಾನೇ ಕೊಟ್ಟೆ."

ಹಿತಾ ಅಜ್ಜಿಯ ಕಡೆ ತಿರುಗಿ ನೋಡಿದಳು. ಆ ನೋಟವನ್ನು ತಡೆದುಕೊಳ್ಳುವುದಕ್ಕಿಂತ ಅಲ್ಲೇ ಕಲ್ಯಾಣಿಯ ಮೆಟ್ಟಿಲಿಳಿದು ಮುಳುಗಿಹೋಗುವುದು ಸುಲಭವಾಗಿತ್ತು.

ಡಾಕ್ಟರ್ ಒಳ್ಳೆಯ ಮನುಷ್ಯ, ಬೈಯಲಿಲ್ಲ. ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಿಬಿಡುತ್ತದೆ, ಎಲ್ಲ ನಾಯಿಗೂ ಒಂದೇ ರೀತಿ ಅಲ್ಲ, ಯಾವುದಕ್ಕೆ ಎಷ್ಟು ಎಂದು ಮೊದಲೇ ಹೇಳಲಾಗದು, ಅದಕ್ಕೇ ಒಂದೂ ಕೊಡಬಾರದು ಎಂದರು. ತಿಂದ ಕೂಡಲೇ ಬಂದಿದ್ದರೆ ತಾವೇ ವಾಂತಿ ಮಾಡಿಸಬಹುದಿತ್ತು. ನಿನ್ನೆ ಬಂದಿದ್ದರೂ ಡ್ರಿಪ್ಪು ಕೊಟ್ಟು ಒದ್ದಾಡಬಹುದಿತ್ತು. ಈಗ ಉಚ್ಚೆ ನಿಂತುಹೋಗಿದೆ. ರಕ್ತ ತೊಳೆಯುವ ಮೆಷಿನ್ನು ಇರುವುದು ಬೆಂಗಳೂರಿನಲ್ಲಿ, ಅಷ್ಟು ದೂರ ಈ ಜೀವ ತಡೆಯುವುದಿಲ್ಲ. ಆದರೂ ನೋಡೋಣ ಎಂದು ಹುಣಸೆಯ ಕೊಂಬೆಗೆ ಬಾಟಲಿ ನೇತುಹಾಕಿ ಮುಂಗಾಲಿಗೆ ಸೂಜಿ ಚುಚ್ಚಿದರು. ನಿನ್ನೆ ಏನಾದರೂ ಲಕ್ಷಣ ಕಾಣಿಸಲಿಲ್ಲವೇ ಎಂದು ಕೇಳಿದರು. ಕೋಮಲವಲ್ಲಮ್ಮ ನಾಯಿಯ ನೆತ್ತಿಯ ಕುಂಕುಮವನ್ನು ಸೆರಗಿನಿಂದ ಒರೆಸಿದರು. ಏನೆಂದು ಹೇಳುವುದು, ಕುಂಕುಮ ಇಟ್ಟೆವು ಎನ್ನುವುದೇ.

ಸಂಜೆ ಬೇಲೂರಿಗೆ ವಾಪಸು ತಂದರು. ಮಾರನೆಯ ದಿನವೂ ಡಾಕ್ಟರ್ ಮನೆಗೇ ಬಂದು ಬಾಟಲಿ ಏರಿಸಿದರು. ಒಳಗೆ ಹೋದ ನೀರು ಹೊರಗೆ ಬರಲಿಲ್ಲ, ನಾಯಿಯ ಕಾಲು, ಕತ್ತು ಊದಿಕೊಂಡವು. ಕೋಮಲವಲ್ಲಮ್ಮ ದೇವರ ಮನೆಯ ಬಾಗಿಲು ತೆರೆಯಲಿಲ್ಲ, ಅದರ ಕಾಲ ಬುಡದಲ್ಲೇ ಕೂತರು. ಹಿತಾ ಬೆರಳನ್ನು ಒಸಡಿನ ಮೇಲಿಂದ ತೆಗೆಯದೆ ಕೂತಿದ್ದಳು. ಒತ್ತುವುದು, ಬಿಡುವುದು, ಕಾಯುವುದು. ಮಧ್ಯಾಹ್ನದ ಬಿಸಿಲು ತುಳಸಿಕಟ್ಟೆಯಿಂದ ಜಗಲಿಗೆ ಸರಿಯುವ ಹೊತ್ತಿಗೆ ಒತ್ತಿದ ಜಾಗ ಬಿಳಿಯಾಗಿಯೇ ಉಳಿಯಿತು. ಅವಳು ಬೆರಳು ತೆಗೆದು ಲಂಗಕ್ಕೆ ಒರೆಸಿಕೊಂಡಳು. ಕೋಮಲವಲ್ಲಮ್ಮ ಅವಳನ್ನು ತಬ್ಬಿಕೊಳ್ಳಲು ಹೋದರು. ಹುಡುಗಿ ಕೊಸರಲೂ ಇಲ್ಲ, ಒರಗಲೂ ಇಲ್ಲ, ಸುಮ್ಮನೆ ನಿಂತಿದ್ದಳು.

ಮಾರಮ್ಮನ ಹಿತ್ತಲಿನಲ್ಲಿ ಗುಂಡಿ ತೆಗೆದು ಹೂಳಿದರು. ಸಂಜೆ ಬೀದಿಯ ಹೆಂಗಸರು ಮಾತಾಡಿಸಲು ಬಂದರು. ನಿರ್ಜಲ ಏಕಾದಶಿ ಮಾಡಿ ಹೋಯಿತು, ನೇರವಾಗಿ ವೈಕುಂಠ ಎಂದಳು ಕುಂಕುಮ ಇಟ್ಟಿದ್ದವಳು. ಕೋಮಲವಲ್ಲಮ್ಮ ಎದ್ದು ನಿಂತರು. ಅದು ವ್ರತ ಮಾಡಲಿಲ್ಲ, ನಾನು ವಿಷ ಹಾಕಿದೆ, ನೀವೆಲ್ಲ ಸೇರಿ ಕೈಮುಗಿದಿರಿ, ಹೊರಡಿ ಎಂದರು. ಬಂದವರು ದುಃಖಕ್ಕೆ ತಲೆ ಕೆಟ್ಟಿದೆ ಪಾಪ ಎಂದುಕೊಂಡು ಹೋದರು. ಆ ಫೋಟೋ ಇನ್ನೂ ಗುಂಪಿನಲ್ಲಿ ತಿರುಗುತ್ತಲೇ ಇತ್ತು.

ಹಿತಾ ಸ್ಕೂಲಿಗೆ ಹೋದಳು, ಬಂದಳು, ಹೇಳಿದಷ್ಟು ಓದಿದಳು. ಮಾತು ಬೇಕಾದಷ್ಟಕ್ಕೆ ಮಾತ್ರ. ಹಾಸಿಗೆಯಲ್ಲಿ ಒಂದು ಕೈಯನ್ನು ಪಕ್ಕದ ಬರಿ ನೆಲದ ಮೇಲೆ ಚಾಚಿಕೊಂಡು ಮಲಗುತ್ತಿದ್ದಳು. ದಿವ್ಯಾ ಒಂದೇ ಒಂದು ಕೆಲಸ ಹೇಳಿ ಹೋಗಿದ್ದಳು, ಅದನ್ನೂ ತಾವು ಉಳಿಸಿಕೊಳ್ಳಲಿಲ್ಲ ಎಂದು ಕೋಮಲವಲ್ಲಮ್ಮ ಆ ಕೈಯನ್ನು ನೋಡುತ್ತ ಕೂರುತ್ತಿದ್ದರು. ಸುಬ್ಬರಾಮಯ್ಯ ಇನ್ನೊಂದು ಮರಿ ತರೋಣವೇ ಎಂದು ಕೇಳಿದಾಗ ಹಿತಾ, ತಂದರೆ ಅಜ್ಜಿ ಏನಾದರೂ ಕೊಡುತ್ತಾಳೆ ಎಂದಳು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಹೇಳಿದಂತೆ.

ಮತ್ತೆ ಏಕಾದಶಿ ಬಂತು. ಬುದ್ಧಿ ಬಂದಾಗಿನಿಂದ ಒಂದೂ ತಪ್ಪಿಸದ ಕೋಮಲವಲ್ಲಮ್ಮ ಬೆಳಿಗ್ಗೆ ಸ್ನಾನ ಮಾಡಿ, ಒಲೆ ಹಚ್ಚದೆ ಜಗಲಿಯಲ್ಲಿ ಕೂತರು. ಹಿತಾ ಯೂನಿಫಾರಂ ಹಾಕಿಕೊಂಡು ಹೊರಗೆ ಬಂದಳು, ಅಜ್ಜಿಯನ್ನು ನೋಡಿದಳು.

"ತಿಂಡಿ ತಿಂದ್ಯಾ ಅಜ್ಜಿ?"

"ಇವತ್ತು ಏಕಾದಶಿ ಅಲ್ವೇನೇ."

ಹುಡುಗಿ ಬ್ಯಾಗನ್ನು ಅಲ್ಲೇ ಇಳಿಸಿ ಹಿತ್ತಲ ಬಾಗಿಲಿನಿಂದ ಓಡಿದಳು. ವಾಪಸು ಬಂದಾಗ ಕೈಯಲ್ಲಿ ಮಾರಮ್ಮನ ಮನೆಯ ಸ್ಟೀಲಿನ ತಟ್ಟೆ, ಅದರಲ್ಲಿ ಮುದ್ದೆ, ಸೊಪ್ಪಿನ ಸಾರು. ಅದನ್ನು ಅಜ್ಜಿಯ ಮುಂದೆ ಇಟ್ಟಳು. ಹಿಂದೆಯೇ ಬಂದ ಮಾರಮ್ಮ ಅಂಗಳದಲ್ಲೇ ನಿಂತಳು. ಮಗು ಕೇಳ್ತು, ಕೊಡಾಕಿಲ್ಲ ಅನ್ನಾಕೆ ಆಗ್ಲಿಲ್ಲ ಎಂದು ಅವಳು ಮೆಲ್ಲಗೆ ಅಂದದ್ದು ಯಾರಿಗೂ ಕೇಳಿಸಲಿಲ್ಲ.

"ತಿನ್ನು," ಎಂದಳು ಹಿತಾ. "ಅಮ್ಮನೂ ಊಟ ಬೇಡ ಅಂದಿದ್ಲು. ಆಗಲೂ ನೀನು ಎಲ್ಲರಿಗೂ ಉಪವಾಸ ಅಂತ ಹೇಳ್ತಿದ್ದೆ. ಮೆಂತ್ಯಂಗೂ ಹಾಗೇ ಹೇಳ್ದೆ. ನೀನು ಹಾಗೆ ಹೇಳಿದ್ರೆ ಸತ್ತು ಹೋಗ್ತಾರೆ."

ಕೋಮಲವಲ್ಲಮ್ಮ ಎರಡು ವರ್ಷದಿಂದ ಯಾವ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರೋ, ಮಗು ಅದನ್ನು ಒಂದೇ ಸಲಕ್ಕೆ ತೆರೆದುಬಿಟ್ಟಿತ್ತು. ಊಟ ಸೇರುತ್ತಿಲ್ಲ ಅತ್ತೆ ಎಂದು ಅಡುಗೆಮನೆಯ ಗೋಡೆಗೆ ಒರಗಿ ನಿಂತಿದ್ದ ದಿವ್ಯಾ, ಗೊಂಬೆಗಳ ಮುಂದೆ ಕೂತು ನಗಲು ನೋಡುತ್ತಿದ್ದ ದಿವ್ಯಾ ಕಣ್ಣ ಮುಂದೆ ಬಂದಳು. ಅವರು ತಟ್ಟೆಗೆ ಕೈ ಹಾಕಿ ಮುದ್ದೆ ಮುರಿದರು, ಸಾರಿಗೆ ಅದ್ದಿದರು, ನುಂಗಿದರು. ಬುದ್ಧಿ ಬಂದ ಮೇಲೆ ಮೊದಲ ಸಲ ಏಕಾದಶಿಯ ದಿನ ಊಟ ಮಾಡಿದರು, ಅದೂ ಬೇರೆ ಮನೆಯ ತಟ್ಟೆಯಲ್ಲಿ. ತುತ್ತಿಗೊಮ್ಮೆ ನೀರು ಕುಡಿದು ಇಳಿಸಿದರು. ಹಿತಾ ಒಂದೊಂದು ತುತ್ತನ್ನೂ ನೋಡುತ್ತ ನಿಂತಿದ್ದಳು. ತಟ್ಟೆ ಖಾಲಿಯಾದರೂ ಅವಳಿಗೆ ನಂಬಿಕೆ ಬರಲಿಲ್ಲ.

"ಬಾಯಿ ತೆಗಿ," ಎಂದಳು.

ಕೋಮಲವಲ್ಲಮ್ಮ ಬಾಯಿ ತೆರೆದರು. ಪುಟ್ಟ ಬೆರಳುಗಳು ಅವರ ಮೇಲ್ದುಟಿ ಎತ್ತಿದವು, ಒಸಡಿನ ಮೇಲೆ ಒತ್ತಿದವು, ಬಿಟ್ಟವು. ಐವತ್ತು ವರ್ಷ ಎಲೆಯಡಿಕೆ ಹಾಕಿ ಕರೆ ಹಿಡಿದ ಒಸಡು, ಒತ್ತಿದರೂ ಬಿಟ್ಟರೂ ಒಂದೇ ಬಣ್ಣ.

"ಬಂತೇನೇ?" ಎಂದು ಬಾಯಿ ತೆರೆದುಕೊಂಡೇ ಕೇಳಿದರು.

ಹಿತಾ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಕಣ್ಣು ಒರೆಸಿಕೊಂಡು ಮತ್ತೆ ಒತ್ತಿದಳು. ಅಜ್ಜಿ ಬಾಯಿ ಮುಚ್ಚದೆ ಹಾಗೇ ಕೂತಿದ್ದರು.